ಕಫದ ಡಬ್ಬಿ ಹೋದ ದಾರಿ: ಔಷಧಕ್ಕೆ ಬಗ್ಗದ ಸೋಂಕುಗಳು ಮತ್ತು ನಮ್ಮ ಮೂರು ತಾಲ್ಲೂಕುಗಳು



ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಅಂದಕೂಡಲೇ ಜನರ ಕಣ್ಣಮುಂದೆ ಬರುವುದು ಬೆಂಗಳೂರಿನದೋ ಹೈದರಾಬಾದಿನದೋ ದೊಡ್ಡ ಆಸ್ಪತ್ರೆಯ ಐಸಿಯು. ಅದು ಅರ್ಧ ಸತ್ಯ. ಉಳಿದರ್ಧ ನಮ್ಮ ಊರುಗಳಲ್ಲೇ ಇದೆ. ಸಂತೆಗೆ ಬಂದವರು ಚೀಟಿಯಿಲ್ಲದೆ ಕೊಂಡೊಯ್ಯುವ ಮೂರು ಅಜಿತ್ರೊಮೈಸಿನ್ ಗುಳಿಗೆಯಲ್ಲಿದೆ. ಪುಣೆಗೆ ದುಡಿಯಲು ಹೋದಾಗ ನಡುವೆಯೇ ನಿಂತುಹೋದ ಟಿಬಿ ಚಿಕಿತ್ಸೆಯಲ್ಲಿದೆ. ಜ್ವರ ಯಾವುದೆಂದು ಗೊತ್ತಾಗುವ ಮೊದಲೇ ಹಚ್ಚಿದ ಸಲೈನಿನೊಳಗೆ ಇಳಿಯುವ ಸೂಜಿಮದ್ದಿನಲ್ಲಿದೆ.

ವರ್ಷಗಟ್ಟಲೆ ವೈದ್ಯಕೀಯ ವಿದ್ಯಾರ್ಥಿಗಳಿಗೆ ಸೂಕ್ಷ್ಮಜೀವಿ ವಿಜ್ಞಾನ ಕಲಿಸಿದ ನನಗೆ ಇಂದು ಹೇಳಲಿಕ್ಕಿರುವುದು ಒಂದೇ ಮಾತು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳ ಬಡವರಿಗೆ ಜಗತ್ತಿನ ಹೊಸ ಆ್ಯಂಟಿಬಯಾಟಿಕ್, ಮೊದಲು ಪರೀಕ್ಷೆ ಮಾಡಿ, ನಯಾಪೈಸೆ ತೆಗೆದುಕೊಳ್ಳದೆ, ಸಿಗುವ ಕಾಯಿಲೆ ಒಂದಿದೆ. ಅದು ಕ್ಷಯ. ಉಳಿದ ಯಾವ ಸೋಂಕಿಗೂ ಆ ವ್ಯವಸ್ಥೆಯಿಲ್ಲ. ಮೂತ್ರದ ಸೋಂಕಿರಲಿ, ಟೈಫಾಯ್ಡ್ ಇರಲಿ, ಬಾಣಂತಿಯ ಜ್ವರವಿರಲಿ, ಹಸುಗೂಸಿನ ನಂಜಿರಲಿ, ಅಲ್ಲಿ ಚಿಕಿತ್ಸೆ ಅಂದಾಜಿನ ಮೇಲೆಯೇ ನಡೆಯುತ್ತದೆ. ಕ್ಷಯಕ್ಕಾಗಿ ಅರವತ್ತು ವರ್ಷ ಕಷ್ಟಪಟ್ಟು ಹಾಕಿದ ದಾರಿಯಲ್ಲೇ ಉಳಿದ ಸೋಂಕುಗಳ ಮಾದರಿಗಳೂ ಸಾಗಬೇಕು ಎಂಬುದು ನನ್ನ ವಾದ.

ಕ್ಷಯದ ಕಥೆಯನ್ನು ಲೆಕ್ಕದಿಂದಲೇ ಶುರು ಮಾಡುತ್ತೇನೆ. ಪುಪ್ಪುಸದಲ್ಲಿ ಕ್ಷಯ ಕೊರೆದ ಒಂದು ಕುಳಿಯಲ್ಲಿ ಹತ್ತು ಕೋಟಿಯಷ್ಟು ರೋಗಾಣುಗಳಿರಬಹುದು. ಐಸೋನಿಯಜಿಡ್ ಎಂಬ ಔಷಧಕ್ಕೆ ಬಗ್ಗದ ಅಣು ಸುಮಾರು ಹತ್ತು ಲಕ್ಷಕ್ಕೊಂದರಂತೆ ತಾನಾಗಿಯೇ ಹುಟ್ಟುತ್ತದೆ. ಅಂದರೆ ಔಷಧ ಬಾಯಿಗೆ ಬೀಳುವ ಮೊದಲೇ ಆ ಕುಳಿಯಲ್ಲಿ ಅದನ್ನು ತಾಳಿಕೊಳ್ಳಬಲ್ಲ ನೂರರಷ್ಟು ಅಣುಗಳು ಕಾದು ಕೂತಿರುತ್ತವೆ. ಅದೊಂದೇ ಔಷಧ ಕೊಟ್ಟರೆ ಉಳಿದವೆಲ್ಲ ಸಾಯುತ್ತವೆ, ರೋಗಿಗೆ ನಾಲ್ಕು ವಾರ ಹಾಯೆನಿಸುತ್ತದೆ. ಆಮೇಲೆ ಆ ನೂರು ಬೆಳೆದು ಮತ್ತೆ ಹತ್ತು ಕೋಟಿಯಾಗುತ್ತವೆ, ಈ ಸಲ ಒಂದೂ ಆ ಔಷಧಕ್ಕೆ ಜಗ್ಗುವುದಿಲ್ಲ. ರಿಫಾಂಪಿಸಿನ್‌ಗೆ ಬಗ್ಗದ ಅಣು ಹತ್ತು ಕೋಟಿಗೊಂದು. ಎರಡಕ್ಕೂ ಒಟ್ಟಿಗೇ ಬಗ್ಗದ ಅಣು ಹುಟ್ಟಬೇಕಾದರೆ ಕೋಟಿಯನ್ನು ಕೋಟಿಯಿಂದ ಗುಣಿಸಿದಷ್ಟು ಅಣುಗಳು ಬೇಕು. ಅಷ್ಟು ಯಾವ ಮನುಷ್ಯನ ಎದೆಯಲ್ಲೂ ಇರುವುದಿಲ್ಲ. ಟಿಬಿಗೆ ಒಂದೇ ಗುಳಿಗೆ ಸಾಲದೇ ನಾಲ್ಕು ಔಷಧ ಯಾಕೆ ಎಂದು ಕೇಳುವವರಿಗೆ ಇದೇ ಉತ್ತರ. ಆ ನಾಲ್ಕರಲ್ಲಿ ಮನಸ್ಸಿಗೆ ಬಂದದ್ದನ್ನು ಮಾತ್ರ ನುಂಗಿದರೆ ಏನಾಗುತ್ತದೆ ಎಂಬುದಕ್ಕೂ ಇದೇ ಉತ್ತರ.

ಈ ಲೆಕ್ಕವನ್ನು ವೈದ್ಯಲೋಕ ಕಲಿತದ್ದು ಸಾವುಗಳನ್ನು ನೋಡಿ. 1943ರಲ್ಲಿ ಅಮೆರಿಕದ ರಟ್ಗರ್ಸ್‌ನಲ್ಲಿ ಸೆಲ್ಮನ್ ವಾಕ್ಸ್‌ಮನ್ನರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಶಾಟ್ಸ್ ಎಂಬ ತರುಣ ಮಣ್ಣಿನ ಜೀವಿಯೊಂದರಿಂದ ಸ್ಟ್ರೆಪ್ಟೊಮೈಸಿನ್ ತೆಗೆದ. ಬ್ರಿಟನ್ನಿನಲ್ಲಿ ಅದರ ಪ್ರಯೋಗ ನಡೆದು 1948ರಲ್ಲಿ ಫಲಿತಾಂಶ ಹೊರಬಂತು. ಔಷಧ ಪಡೆದ 55 ಮಂದಿಯಲ್ಲಿ ಆರು ತಿಂಗಳೊಳಗೆ ಸತ್ತವರು 4. ಬರೀ ಹಾಸಿಗೆ ವಿಶ್ರಾಂತಿಯಲ್ಲಿದ್ದ 52 ಮಂದಿಯಲ್ಲಿ 14. ಜನ ಹಿಗ್ಗಿದರು. ಆದರೆ ಔಷಧ ಪಡೆದವರಲ್ಲಿ 41 ಮಂದಿಯ ರೋಗಾಣು ಪರೀಕ್ಷಿಸಿದಾಗ 35 ಮಂದಿಯಲ್ಲಿ ಅದು ಸ್ಟ್ರೆಪ್ಟೊಮೈಸಿನ್‌ಗೆ ಬಗ್ಗದಂತಾಗಿತ್ತು. ಐದು ವರ್ಷ ಕಳೆಯುವಷ್ಟರಲ್ಲಿ ಎರಡೂ ಗುಂಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತೀರಿಕೊಂಡಿದ್ದರು. ಪೆನಿಸಿಲಿನ್ ಕಂಡ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ತಮ್ಮ ನೊಬೆಲ್ ಉಪನ್ಯಾಸದಲ್ಲೇ, ಸಾಲದಷ್ಟು ಪ್ರಮಾಣದಲ್ಲಿ ಔಷಧ ತೆಗೆದುಕೊಂಡರೆ ರೋಗಾಣುವಿಗೆ ಅದನ್ನು ತಾಳುವುದನ್ನು ಕಲಿಸಿದಂತಾಗುತ್ತದೆ ಎಂದು ಎಚ್ಚರಿಸಿದ್ದರು. ಎಚ್ಚರಿಕೆ ಆ್ಯಂಟಿಬಯಾಟಿಕ್‌ನಷ್ಟೇ ಹಳೆಯದು.

ಇನ್ನು ನಮ್ಮ ನಾಡಿಗೆ ಬರೋಣ. ಬೆಂಗಳೂರಿನ ಬಳ್ಳಾರಿ ರಸ್ತೆಯ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾದದ್ದು 1959ರಲ್ಲಿ. ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾದ ಹಾಫ್ಡನ್ ಮಾಹ್ಲರ್ ಅದರ ಮೊದಲ ದಿನಗಳಲ್ಲಿ ಅಲ್ಲಿ ದುಡಿದವರು. ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆ್ಯಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ಹಳ್ಳಿಯ ಜನಕ್ಕೆ ತಿಳಿವಳಿಕೆ ಸಾಲದು, ಕೆಮ್ಮುತ್ತಲೇ ಕೂತಿರುತ್ತಾರೆ ಎಂಬುದು ಆಗಿನ ನಂಬಿಕೆ. ಈಗಲೂ ಅನೇಕರದು ಅದೇ. ಅಧ್ಯಯನ ಕಂಡದ್ದೇ ಬೇರೆ. ಕಫದಲ್ಲಿ ಕ್ಷಯದ ಅಣುಗಳಿದ್ದವರಲ್ಲಿ ಬಹುತೇಕ ಎಲ್ಲರಿಗೂ ತಮಗೇನೋ ಆಗಿದೆ ಎಂದು ಗೊತ್ತಿತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆಗೆ ಹೋಗಿ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧ. ತಪ್ಪಿದವನು ರೋಗಿಯಲ್ಲ, ಬಾಗಿಲಿಗೆ ಬಂದವನ ಕಫ ಪರೀಕ್ಷಿಸದ ವ್ಯವಸ್ಥೆ. ಕರ್ನಾಟಕದ ಮಣ್ಣಿನಲ್ಲಿ ಹುಟ್ಟಿದ ಈ ತಿಳಿವು ಇಡೀ ದೇಶದ ಕ್ಷಯ ಕಾರ್ಯಕ್ರಮವನ್ನು ತಿದ್ದಿತು. ನನ್ನ ಮಟ್ಟಿಗೆ ನಮ್ಮ ರಾಜ್ಯದ ವೈದ್ಯಕೀಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಪ್ರಬಂಧ ಇಲ್ಲ.

ಆದರೂ ಔಷಧಕ್ಕೆ ಬಗ್ಗದ ಕ್ಷಯ ಬಂತು. 2010ರಲ್ಲಿ ಪ್ರಕಟವಾದ ಮುಂಬೈಯ ಒಂದು ಅಧ್ಯಯನ ಯಾಕೆ ಬಂತು ಎಂಬುದನ್ನು ತೋರಿಸುತ್ತದೆ. ಡಾ. ಜರೀರ್ ಉದ್ವಾಡಿಯಾ ಮತ್ತು ಸಂಗಡಿಗರು 106 ಖಾಸಗಿ ವೈದ್ಯರಿಗೆ ಕ್ಷಯಕ್ಕೆ ಔಷಧ ಚೀಟಿ ಬರೆಯಿರಿ ಎಂದು ಕೇಳಿದರು. ಬಂದ ಉತ್ತರಗಳಲ್ಲಿ 63 ಬಗೆಯ ಚಿಕಿತ್ಸೆಗಳಿದ್ದವು, ಸರಿಯಾಗಿ ಬರೆದವರು ಕೇವಲ 6 ಮಂದಿ. ಉದ್ವಾಡಿಯಾ ತಂಡ ಮುಂದಿನ ವರ್ಷವೇ, ಇದ್ದ ಯಾವ ಔಷಧಕ್ಕೂ ಬಗ್ಗದ ಕ್ಷಯವುಳ್ಳ ನಾಲ್ವರು ರೋಗಿಗಳ ವಿಷಯ ಬರೆದಾಗ ದೇಶವೇ ಬೆಚ್ಚಿತು. ಮುಂಬೈ ನಮಗೆ ಪರವೂರಲ್ಲ. ಆಳಂದದ ಹಳ್ಳಿಗಳಿಂದ, ಜೇವರ್ಗಿಯ ತಾಂಡಾಗಳಿಂದ ಮುಂಬೈ, ಪುಣೆ, ಹೈದರಾಬಾದು, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಪ್ರತಿ ಸುಗ್ಗಿಯ ನಂತರ ಜನ ಹೋಗುತ್ತಾರೆ. ಗಾಳಿಯಾಡದ ಪತ್ರಾ ಶೆಡ್ಡಿನಲ್ಲಿ ಹತ್ತು ಜನ ಮಲಗುವ ಕಡೆಯಿಂದ ರೋಗ ಊರಿಗೆ ಬರುತ್ತದೆ. ಊರಿನಲ್ಲಿ ಶುರುವಾದ ಚಿಕಿತ್ಸೆ ಅಲ್ಲಿಗೆ ಹೋದಾಗ ನಿಲ್ಲುತ್ತದೆ.

ನಿಲ್ಲುವುದಕ್ಕೆ ಕಾರಣ ಯಾವಾಗಲೂ ಉದಾಸೀನವಲ್ಲ. ರಿಫಾಂಪಿಸಿನ್ ನುಂಗಿದವರ ಮೂತ್ರ ಕೆಂಪಗೆ, ಕಿತ್ತಳೆಯ ಬಣ್ಣದಲ್ಲಿ ಹೋಗುತ್ತದೆ. ಅದು ಔಷಧದ ಬಣ್ಣ, ಅಪಾಯವಿಲ್ಲ. ಮೊದಲ ದಿನವೇ ಇದನ್ನು ಹೇಳದಿದ್ದರೆ ರೋಗಿ ರಕ್ತ ಹೋಗುತ್ತಿದೆಯೆಂದು ಹೆದರಿ ಗುಳಿಗೆ ಬಿಡುತ್ತಾನೆ. ಎರಡು ತಿಂಗಳಾಗುವಾಗ ಕೆಮ್ಮು ಹೋಗಿ ಹಸಿವಾಗತೊಡಗುತ್ತದೆ, ‘ಈಗ ಆರಾಮ ಆಗೇನ್ರಿ’ ಎಂದು ಬಿಡುತ್ತಾನೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುತ್ತದೆ, ತುಂಬಿದ ಹೊಟ್ಟೆಗೆ ಮನೆಯಲ್ಲಿ ಅನ್ನವಿರುವುದಿಲ್ಲ. ಕ್ಷಯರೋಗಿಗಳ ಆಹಾರಕ್ಕೆಂದು ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2018ರ ಏಪ್ರಿಲ್‌ನಿಂದ ತಿಂಗಳಿಗೆ 500 ರೂಪಾಯಿ ಕೊಡತೊಡಗಿದರು, 2024ರ ನವೆಂಬರ್‌ನಿಂದ ಅದು 1,000. ದುಡ್ಡು ಸಣ್ಣದಿರಬಹುದು, ತತ್ವ ದೊಡ್ಡದು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡಿನಲ್ಲಿ 2,800 ರೋಗಿಗಳ ಮನೆಗಳನ್ನು ಹಿಡಿದು ಪ್ರಯೋಗ ಮಾಡಿದರು. ಮನೆಯ ಉಳಿದವರಿಗೂ ಪ್ರತಿ ತಿಂಗಳು ಅಕ್ಕಿ ಬೇಳೆ ಕೊಟ್ಟ ಕಡೆ ಹೊಸದಾಗಿ ಕ್ಷಯ ತಗಲುವುದು 39 ಪ್ರತಿಶತ ಕಡಿಮೆಯಾಯಿತು. 2023ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ದೇಶಕ್ಕೆಲ್ಲ ತೊಗರಿ ಬೆಳೆದುಕೊಡುವ ನಮ್ಮ ಜಿಲ್ಲೆ ವಿಶೇಷವಾಗಿ ಗಮನಿಸಬೇಕು. ಬೇಳೆ ಬೆಳೆಯುವವನ ಮನೆಯ ತಟ್ಟೆಯಲ್ಲಿ ಬೇಳೆ ಎಷ್ಟಿದೆ ಎಂಬುದು ಕ್ಷಯದ ಪ್ರಶ್ನೆಯೂ ಹೌದು.

ಐಸೋನಿಯಜಿಡ್, ರಿಫಾಂಪಿಸಿನ್ ಎರಡಕ್ಕೂ ಬಗ್ಗದ ಕ್ಷಯದ ಚಿಕಿತ್ಸೆ ಮೊದಲು ಹೇಗಿತ್ತು ಎಂಬುದನ್ನು ಹೊಸ ತಲೆಮಾರಿನ ವೈದ್ಯರು ನೋಡಿರಲಾರರು. ತಿಂಗಳುಗಟ್ಟಲೆ ಕನಾಮೈಸಿನ್ ಸೂಜಿ, ಎರಡು ವರ್ಷ ಹಿಡಿಹಿಡಿ ಗುಳಿಗೆ. ಕನಾಮೈಸಿನ್ ಎಷ್ಟೋ ಜನರ ಕಿವಿಯನ್ನೇ ತೆಗೆದುಕೊಂಡಿತು. ಕ್ಷಯ ವಾಸಿಯಾಗಿ ಕಿವುಡಾಗಿ ಉಳಿದವರು ಈ ದೇಶದಲ್ಲಿ ಇಂದಿಗೂ ಇದ್ದಾರೆ. ಆ ಪರಿಸ್ಥಿತಿ ಬದಲಾದದ್ದು ಬೆಡಾಕ್ವಿಲಿನ್‌ನಿಂದ. 2005ರಲ್ಲಿ ಬೆಲ್ಜಿಯಂನ ಕೂನ್ ಆ್ಯಂಡ್ರೀಸ್ ಮತ್ತು ತಂಡ ಪ್ರಕಟಿಸಿದ ಈ ಔಷಧ ರೋಗಾಣು ತನ್ನ ಶಕ್ತಿಯನ್ನು ತಯಾರಿಸಿಕೊಳ್ಳುವ ಕಿಣ್ವವನ್ನೇ ತಡೆದು ನಿಲ್ಲಿಸುತ್ತದೆ. ಕ್ಷಯದ ಮೇಲೆ ಹೊಸ ಬಗೆಯಲ್ಲಿ ಕೆಲಸ ಮಾಡುವ ಔಷಧಕ್ಕಾಗಿ ಜಗತ್ತು ನಲವತ್ತು ವರ್ಷ ಕಾದಿತ್ತು. ಅಮೆರಿಕ 2012ರಲ್ಲಿ ಒಪ್ಪಿತು, ಭಾರತದ ಕಾರ್ಯಕ್ರಮಕ್ಕೆ 2016ರಲ್ಲಿ ಬಂತು. ಅದರ ಮೇಲಿನ ಪೇಟೆಂಟನ್ನು ಇನ್ನಷ್ಟು ವರ್ಷ ಎಳೆಯುವ ಅರ್ಜಿಯನ್ನು 2023ರ ಮಾರ್ಚ್‌ನಲ್ಲಿ ನಮ್ಮ ಪೇಟೆಂಟ್ ಕಚೇರಿ ತಳ್ಳಿಹಾಕಿತು. ಆ ಅರ್ಜಿಯ ವಿರುದ್ಧ ನಿಂತವರಲ್ಲಿ ಇಬ್ಬರು ಹೆಣ್ಣುಮಕ್ಕಳು, ಮುಂಬೈಯ ನಂದಿತಾ ವೆಂಕಟೇಶನ್ ಮತ್ತು ದಕ್ಷಿಣ ಆಫ್ರಿಕದ ಫುಮೆಜಾ ಟಿಸಿಲೆ. ಇಬ್ಬರೂ ಕ್ಷಯ ಗೆದ್ದವರು, ಇಬ್ಬರೂ ಚಿಕಿತ್ಸೆಯಲ್ಲಿ ಶ್ರವಣಶಕ್ತಿ ಕಳೆದುಕೊಂಡವರು. ಅವರ ಹೆಸರನ್ನು ಈ ಸಭೆಯಲ್ಲಿ ಗೌರವದಿಂದ ನೆನೆಯುತ್ತೇನೆ.

ಈಗಿನ ಕ್ರಮದಲ್ಲಿ ನಾಲ್ಕು ಔಷಧಗಳಿವೆ: ಬೆಡಾಕ್ವಿಲಿನ್, ಪ್ರಿಟೋಮನಿಡ್, ಲಿನೆಜೋಲಿಡ್, ಮಾಕ್ಸಿಫ್ಲಾಕ್ಸಸಿನ್. ಸೂಜಿಯಿಲ್ಲ, ಆರು ತಿಂಗಳಷ್ಟೇ. ಬೆಲಾರೂಸ್, ದಕ್ಷಿಣ ಆಫ್ರಿಕ, ಉಜ್ಬೆಕಿಸ್ತಾನಗಳಲ್ಲಿ ನಡೆದ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ಹಳೆಯ ಕ್ರಮದಲ್ಲಿ 48 ಪ್ರತಿಶತ ರೋಗಿಗಳಿಗೆ ಚಿಕಿತ್ಸೆ ಕೈಕೊಟ್ಟಿತ್ತು, ಹೊಸದರಲ್ಲಿ 11. ಕೇಂದ್ರ ಆರೋಗ್ಯ ಸಚಿವಾಲಯ 2024ರ ಸೆಪ್ಟೆಂಬರ್‌ನಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಇದು ಸುಲಭದ ಮದ್ದೆಂದು ಯಾರೂ ತಿಳಿಯಬಾರದು. ಲಿನೆಜೋಲಿಡ್ ರಕ್ತ ಕುಗ್ಗಿಸುತ್ತದೆ, ಅಂಗಾಲು ಉರಿಯುತ್ತದೆ, ಕಾಲು ಜೋಮು ಹಿಡಿಯುತ್ತದೆ, ಕಣ್ಣಿನ ದೃಷ್ಟಿಗೂ ತೊಂದರೆಯಾಗಬಹುದು. ಬೆಡಾಕ್ವಿಲಿನ್ ತೆಗೆದುಕೊಳ್ಳುವವರಿಗೆ ಆಗಾಗ ಇಸಿಜಿ ಬೇಕು. ಹೊಲದ ಕೆಲಸ ಮಾಡುವ ಹೆಣ್ಣುಮಗಳು ‘ಕಾಲ ಜುಮ್ ಅಂತಾವ್ರಿ’ ಎಂದರೆ ಅದನ್ನು ದಣಿವೆಂದು ತಳ್ಳದೆ ಅವತ್ತೇ ಬರೆದುಕೊಳ್ಳುವ ಕಿವಿ ಬೇಕು. ಇಲ್ಲಿ ಕೂತಿರುವ ಆಶಾ ಕಾರ್ಯಕರ್ತೆ ತಾಯಂದಿರಿಗೆ ಆ ಕಿವಿ ಇದೆ. ಅವರ ಮಾತನ್ನು ಮೇಲಿನವರು ಕೇಳಬೇಕು.

ಇಷ್ಟೆಲ್ಲ ಸಾಧ್ಯವಾದದ್ದು ಔಷಧ ಕಂಡುಹಿಡಿದದ್ದರಿಂದ ಮಾತ್ರವಲ್ಲ, ಪರೀಕ್ಷೆ ಊರ ಹತ್ತಿರಕ್ಕೆ ಬಂದದ್ದರಿಂದ. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ ರೂಪುಗೊಂಡು ಗೋವಾದ ಮೋಲ್ಬಯೋ ತಯಾರಿಸುವ ಟ್ರೂನ್ಯಾಟ್ ಯಂತ್ರವನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಮೇಜಿನ ಮೇಲೆ ಕೂರುವ ಎರಡು ಪೆಟ್ಟಿಗೆಗಳು, ಕರೆಂಟು ಹೋದರೆ ಬ್ಯಾಟರಿ, ಎಸಿ ಕೋಣೆ ಬೇಕಿಲ್ಲ. ಕಫವನ್ನು ದ್ರಾವಣದಲ್ಲಿ ತೆಳುಮಾಡಿ ಮೊದಲ ಪೆಟ್ಟಿಗೆಗೆ ಹಾಕಿದರೆ ಅದು ಅಣುವಿನ ಡಿಎನ್‌ಎ ಬಿಡಿಸಿ ಕೊಡುತ್ತದೆ. ಅದರ ಒಂದು ಹನಿಯನ್ನು ಸಣ್ಣ ಚಿಪ್ಪಿನ ಮೇಲೆ ಬಿಟ್ಟು ಎರಡನೆಯದಕ್ಕೆ ತೂರಿಸಿದರೆ ಸುಮಾರು ಗಂಟೆಯೊಳಗೆ ಕ್ಷಯ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಇದೆ ಎಂದಾದರೆ ಇನ್ನೊಂದು ಚಿಪ್ಪು, ಅದು ರಿಫಾಂಪಿಸಿನ್‌ಗೆ ಬಗ್ಗುತ್ತದೋ ಇಲ್ಲವೋ ಹೇಳುತ್ತದೆ. ಇದನ್ನು 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಶಿಫಾರಸು ಮಾಡಿತು. ಯಂತ್ರಕ್ಕಿಂತ ಮೊದಲಿನ ಕೆಲಸವೊಂದಿದೆ, ಅದನ್ನು ಯಾರೂ ಹೊಗಳುವುದಿಲ್ಲ. ಡಬ್ಬಿಯಲ್ಲಿ ಬಂದದ್ದು ಎದೆಯಾಳದ ಕಫವೋ ಬಾಯಿಯ ಎಂಜಲೋ? ನೊರೆನೊರೆಯಾಗಿ ನೀರಿನಂತಿದ್ದರೆ ಎಂಜಲು, ಅದರಲ್ಲಿ ಅಣು ಸಿಗುವುದು ಕಷ್ಟ. ಬೆಳಿಗ್ಗೆ ಬಾಯಿ ಮುಕ್ಕಳಿಸಿ, ಬಯಲಲ್ಲಿ ನಿಂತು, ಎರಡು ಸಲ ಆಳವಾಗಿ ಉಸಿರೆಳೆದು ಕೆಮ್ಮಿ ತೆಗೆದ ಅಂಟುಕಫ ಬೇಕು. ಇದನ್ನು ತಾಳ್ಮೆಯಿಂದ ಹೇಳಿಕೊಡುವ ಲ್ಯಾಬ್ ಟೆಕ್ನಿಷಿಯನ್ ಒಬ್ಬ ವೈದ್ಯನಷ್ಟೇ ಜೀವ ಉಳಿಸುತ್ತಾನೆ.

ಇನ್ನು ಕ್ಷಯದಿಂದಾಚೆ ಬನ್ನಿ. ಜ್ವರ ಐದು ದಿನ ನಿಂತಿಲ್ಲ. ಲ್ಯಾಬಿನಲ್ಲಿ ಟೈಫಾಯ್ಡಿನ ವಿಡಾಲ್ ಪರೀಕ್ಷೆ ಮಾಡಿಸುತ್ತಾರೆ. ‘ಒಂದಕ್ಕೆ ಎಂಬತ್ತು’ ಎಂದು ಬರೆದ ಚೀಟಿ ಹಿಡಿದು ಮನೆಯವರು ‘ಟೈಫಾಯ್ಡ್ ಬಂದದ್ರಿ’ ಎನ್ನುತ್ತಾರೆ. ಟೈಫಾಯ್ಡ್ ಹಾಸಿಕೊಂಡಿರುವ ನಮ್ಮಂಥ ನಾಡಿನಲ್ಲಿ ಆರೋಗ್ಯವಂತರ ರಕ್ತದಲ್ಲೂ ಅಷ್ಟು ಕಾಣುವುದುಂಟು. ಒಂದೇ ವಿಡಾಲ್ ಪರೀಕ್ಷೆ ಹೆಚ್ಚೇನೂ ಸಾಬೀತು ಮಾಡುವುದಿಲ್ಲ, ಯಾವ ಔಷಧ ನಾಟುತ್ತದೆ ಎಂಬುದನ್ನಂತೂ ಹೇಳುವುದೇ ಇಲ್ಲ. ಅದನ್ನು ಹೇಳುವುದು ರಕ್ತದ ಕಲ್ಚರ್, ಅಂದರೆ ರಕ್ತದಲ್ಲಿನ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆ, ಅದೂ ಮೊದಲ ಆ್ಯಂಟಿಬಯಾಟಿಕ್ ಹೊಡೆಯುವ ಮುಂಚೆ ತೆಗೆದ ರಕ್ತದ್ದು. ಟೈಫಾಯ್ಡಿನ ಔಷಧ ಚರಿತ್ರೆಯನ್ನೇ ನೋಡಿ. 1948ರಲ್ಲಿ ಕ್ಲೋರಾಂಫೆನಿಕಾಲ್ ಬಂದು ಸಾವು ತಗ್ಗಿಸಿತು. 1972ರಲ್ಲಿ ಕೇರಳದ ಕೋಳಿಕ್ಕೋಡಿನಲ್ಲಿ ಅದಕ್ಕೆ ಬಗ್ಗದ ಟೈಫಾಯ್ಡ್ ಹಬ್ಬಿತು. 1990ರ ಹೊತ್ತಿಗೆ ಕ್ಲೋರಾಂಫೆನಿಕಾಲ್, ಆಂಪಿಸಿಲಿನ್, ಕೋಟ್ರಿಮಾಕ್ಸಜೋಲ್ ಮೂರೂ ಕೈಬಿಟ್ಟವು. ಸಿಪ್ರೊಫ್ಲಾಕ್ಸಸಿನ್‌ಗೆ ಓಡಿದೆವು, ಅದೂ ಸೋತಿತು. ಈಗ ಸೆಫ್ಟ್ರಿಯಾಕ್ಸೋನ್, ಅಜಿತ್ರೊಮೈಸಿನ್. 2016ರಲ್ಲಿ ಪಾಕಿಸ್ತಾನದ ಸಿಂಧ್‌ನಲ್ಲಿ ಸೆಫ್ಟ್ರಿಯಾಕ್ಸೋನ್‌ಗೂ ಬಗ್ಗದ ಟೈಫಾಯ್ಡ್ ಶುರುವಾಯಿತು. ಇಷ್ಟರ ನಡುವೆ ಯಾರೂ ಎಣಿಸದ ಒಂದು ಒಳ್ಳೆಯದೂ ನಡೆಯಿತು: ಭಾರತದ ಟೈಫಾಯ್ಡ್ ಅಣುಗಳಲ್ಲಿ ಬಹುಪಾಲು ಮತ್ತೆ ಹಳೆಯ ಕ್ಲೋರಾಂಫೆನಿಕಾಲ್‌ಗೆ, ಕೋಟ್ರಿಮಾಕ್ಸಜೋಲ್‌ಗೆ ಬಗ್ಗತೊಡಗಿವೆ. ವರ್ಷಗಟ್ಟಲೆ ಬಳಸದೆ ಬಿಟ್ಟದ್ದರಿಂದ ಆ ಔಷಧಗಳ ಬಲ ಬಹುಮಟ್ಟಿಗೆ ಮರಳಿತು. ಆದರೆ ನಿಮ್ಮೆದುರಿನ ರೋಗಿಯ ಅಣು ಆ ಬಹುಪಾಲಿನದೋ ಅಲ್ಲವೋ ಎಂಬುದು ಕಲ್ಚರ್ ಇಲ್ಲದೆ ತಿಳಿಯುವುದಿಲ್ಲ.

ಮೂತ್ರದ ಸೋಂಕು ಇನ್ನೂ ಸಾಮಾನ್ಯ. ತೊಗರಿ ರಾಶಿಯ ಕಾಲದಲ್ಲಿ ಬಿಸಿಲಲ್ಲಿ ದಿನವಿಡೀ ನೀರು ಕುಡಿಯದೆ, ಮರೆಯಿಲ್ಲದ ಕಡೆ ಮೂತ್ರ ಕಟ್ಟಿಕೊಂಡು ದುಡಿಯುವ ಹೆಣ್ಣುಮಕ್ಕಳಿಗೆ ಇದು ಬಾರದಿದ್ದರೆ ಆಶ್ಚರ್ಯ. ಅವರು ಬಂದು ‘ಒಂದ್ ಸೂಜಿ ಮಾಡ್ರಿ, ನಾಳಿ ಕೆಲಸಕ್ಕ ಹೋಗಬೇಕು’ ಎನ್ನುತ್ತಾರೆ. ಆ ಮಾತಿನಲ್ಲಿ ತಪ್ಪೇನಿಲ್ಲ, ಒಂದು ದಿನದ ಕೂಲಿಯ ಲೆಕ್ಕ ಅದರಲ್ಲಿದೆ. ಸೂಜಿಯಲ್ಲಿ ಹೋಗುವುದು ಸಾಮಾನ್ಯವಾಗಿ ಸೆಫ್ಟ್ರಿಯಾಕ್ಸೋನ್. ಇ-ಕೋಲೈ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಇಂದು ಆ ಬಗೆಯ ಔಷಧವನ್ನು ಕತ್ತರಿಸಿ ಹಾಕುವ ಕಿಣ್ವವನ್ನು ಇಟ್ಟುಕೊಂಡಿವೆ. ಆ ಕಿಣ್ವದ ಗುಟ್ಟನ್ನು ಪಕ್ಕದ ಹೊಲದವರು ಬೀಜ ಕೊಟ್ಟು ತಗೊಂಡ ಹಾಗೆ ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ, ಜಾತಿ ಬೇರೆಯಾದರೂ, ದಾಟಿಸುತ್ತದೆ. ಆದರೆ ಅದೇ ಇ-ಕೋಲೈ ಎಷ್ಟೋ ಸಲ ನೈಟ್ರೊಫ್ಯುರಾಂಟಾಯಿನ್‌ಗೆ, ಫಾಸ್ಫೊಮೈಸಿನ್‌ಗೆ ಬಗ್ಗುತ್ತದೆ. ಮೊದಲನೆಯದು 1950ರ ದಶಕದ ಔಷಧ, ಬೆಲೆ ಕಡಿಮೆ, ಗುಳಿಗೆಯಲ್ಲೇ ಸಿಗುತ್ತದೆ. ಸೋಂಕು ಮೂತ್ರಕೋಶದಲ್ಲೇ ಇದ್ದರೆ ಇಷ್ಟು ಸಾಕು. ಔಷಧಕ್ಕೆ ಬಗ್ಗದ ಸೋಂಕೆಂದರೆ ಯಾವಾಗಲೂ ದುಬಾರಿ ಹೊಸ ಮದ್ದು ಬೇಕೆಂದಲ್ಲ. ಪರೀಕ್ಷೆ ಮಾಡಿದರೆ ಹಲವು ಸಲ ಹಳೆಯ ಅಗ್ಗದ ಮದ್ದೇ ಸಿಗುತ್ತದೆ.

ದುಬಾರಿ ಮದ್ದು ಬೇಕಾಗುವ ಸಂದರ್ಭಗಳೂ ಇವೆ, ಅವು ಹೆಚ್ಚುತ್ತಿವೆ. ಕಾರ್ಬಾಪೆನೆಮ್ ಎಂಬ ಬಲಿಷ್ಠ ಸೂಜಿಮದ್ದುಗಳಿಗೂ ಬಗ್ಗದ ಕ್ಲೆಬ್ಸಿಯೆಲ್ಲ ಮತ್ತು ಅಸಿನೆಟೊಬ್ಯಾಕ್ಟರ್ ಬ್ಯಾಕ್ಟೀರಿಯಾಗಳು ಆಸ್ಪತ್ರೆಯ ಹಸುಗೂಸುಗಳ ವಾರ್ಡಿನಲ್ಲಿ, ಸುಟ್ಟಗಾಯದ ವಾರ್ಡಿನಲ್ಲಿ ಕಾಣುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಜಾಲದ ಆಸ್ಪತ್ರೆಗಳಲ್ಲಿ 2017ರಲ್ಲಿ ಇಮಿಪೆನೆಮ್ ಎಂಬ ಕಾರ್ಬಾಪೆನೆಮ್‌ಗೆ ಬಗ್ಗುತ್ತಿದ್ದ ಕ್ಲೆಬ್ಸಿಯೆಲ್ಲ ಅರ್ಧಕ್ಕಿಂತ ಹೆಚ್ಚಿತ್ತು, 2023ರ ಹೊತ್ತಿಗೆ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯಿತು. ಆಗ ಉಳಿಯುವುದು ಮೂತ್ರಪಿಂಡಕ್ಕೆ ಪೆಟ್ಟು ಕೊಡುವ ಹಳೆಯ ಕೊಲಿಸ್ಟಿನ್, ಇಲ್ಲವೇ ಸೆಫ್ಟಜಿಡಿಮ್-ಅವಿಬ್ಯಾಕ್ಟಮ್‌ನಂಥ ಹೊಸ ಜೋಡಿಗಳು. ಹೊಸದನ್ನು ಕಟ್ಟುವವರು ನಮ್ಮಲ್ಲೂ ಇದ್ದಾರೆ. ಚೆನ್ನೈನ ಆರ್ಕಿಡ್ ಕಂಪನಿಯಲ್ಲಿ ಹುಟ್ಟಿದ ಎನ್ಮೆಟಜೊಬ್ಯಾಕ್ಟಮ್‌ಗೆ 2024ರಲ್ಲಿ ಅಮೆರಿಕದ ಒಪ್ಪಿಗೆ ಸಿಕ್ಕಿತು. ಬೆಂಗಳೂರಿನ ಬಗ್‌ವರ್ಕ್ಸ್ ಹೊಸ ವರ್ಗದ ಔಷಧವೊಂದನ್ನು ಮನುಷ್ಯರ ಮೇಲಿನ ಪ್ರಯೋಗದವರೆಗೆ ಒಯ್ದಿದೆ. ಆದರೆ ಈ ಹಾದಿ ಕಠಿಣ. ಅಮೆರಿಕದ ಅಕಾವೊಜೆನ್ 2018ರಲ್ಲಿ ಪ್ಲಾಜೊಮೈಸಿನ್‌ಗೆ ಒಪ್ಪಿಗೆ ಪಡೆದು ಮರುವರ್ಷವೇ ದಿವಾಳಿಯಾಯಿತು. ಮಿತವಾಗಿ ಬಳಸಬೇಕಾದ ಔಷಧದಿಂದ ಲಾಭ ಹುಟ್ಟುವುದಿಲ್ಲ. ಇಂಥ ಔಷಧಕ್ಕೆ ಸರ್ಕಾರಗಳೇ ದುಡ್ಡು ಹಾಕಬೇಕು, ಬೇರೆ ಮಾರ್ಗ ನನಗೆ ಕಾಣುವುದಿಲ್ಲ.

ಬಂದ ಔಷಧವಾದರೂ ತಲುಪುತ್ತಿದೆಯೇ? 2019ರ ಲೆಕ್ಕ ಹಿಡಿದು ಭಾರತವೂ ಸೇರಿದಂತೆ ಎಂಟು ದೇಶಗಳನ್ನು ನೋಡಿದ ಅಧ್ಯಯನವೊಂದು 2025ರಲ್ಲಿ ಬಂತು. ಕಾರ್ಬಾಪೆನೆಮ್‌ಗೆ ಬಗ್ಗದ ಸೋಂಕು ತಗುಲಿದವರಲ್ಲಿ ಸರಿಯಾದ ಆ್ಯಂಟಿಬಯಾಟಿಕ್ ಸಿಕ್ಕಿದ್ದು ನೂರಕ್ಕೆ ಏಳು ಮಂದಿಗೆ. ಭಾರತದಲ್ಲಿ 7.8 ಪ್ರತಿಶತ. ನಾವು ಅತಿಬಳಕೆಯನ್ನಷ್ಟೇ ಬೈಯುತ್ತೇವೆ. ಬೇಡದವರಿಗೆ ಸುರಿಯುವುದೂ ಬೇಕಾದವರಿಗೆ ಮುಟ್ಟದಿರುವುದೂ ಒಂದೇ ಊರಿನಲ್ಲಿ, ಒಮ್ಮೊಮ್ಮೆ ಒಂದೇ ಮನೆಯಲ್ಲಿ ನಡೆಯುತ್ತಿವೆ. ಕಾನೂನು ಇಲ್ಲವೆಂದಲ್ಲ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಎಚ್-1 ಪಟ್ಟಿಯ ಔಷಧಗಳನ್ನು ಮಾರಿದಾಗ ಅಂಗಡಿಯವರು ರೋಗಿಯ, ವೈದ್ಯರ ಹೆಸರು ಪುಸ್ತಕದಲ್ಲಿ ಬರೆದಿಡಬೇಕು. ಕೋಳಿ ಸಾಕಣೆಯಲ್ಲಿ ಕೊಲಿಸ್ಟಿನ್ ಬಳಕೆಯನ್ನು 2019ರಲ್ಲಿ ನಿಷೇಧಿಸಿದ್ದಾರೆ. ಒಳ್ಳೆಯ ಕಾನೂನುಗಳೇ. ಆದರೆ ಚೀಟಿ ಬರೆಯುವ ವೈದ್ಯರಿಗೇ ಯಾವ ಅಣುವೆಂದು ಗೊತ್ತಿಲ್ಲದಿದ್ದರೆ, ಚೀಟಿಯಿದ್ದರೂ ಅದು ಅಂದಾಜೇ.

ಆದ್ದರಿಂದ ನನ್ನ ಬೇಡಿಕೆ ತೀರಾ ಪುಟ್ಟದು, ಅದನ್ನು ವಿವರವಾಗಿಯೇ ಇಡುತ್ತೇನೆ. ಕಲಬುರಗಿ ನಗರದಲ್ಲಿ ನಾಲ್ಕು ವೈದ್ಯಕೀಯ ಕಾಲೇಜುಗಳಿವೆ: 1963ರಿಂದ ನಡೆಯುತ್ತಿರುವ ಮಹಾದೇವಪ್ಪ ರಾಂಪುರೆ ಕಾಲೇಜು, ಖಾಜಾ ಬಂದಾನವಾಜ್ ಕಾಲೇಜು, ಇಎಸ್‌ಐ ಕಾಲೇಜು, ಸರ್ಕಾರಿ ಜಿಮ್ಸ್. ನಾಲ್ಕರಲ್ಲೂ ಸೂಕ್ಷ್ಮಜೀವಿ ವಿಭಾಗವಿದೆ. ಆಳಂದದಿಂದಾಗಲಿ ಜೇವರ್ಗಿಯಿಂದಾಗಲಿ ಅಲ್ಲಿಗೆ ನಲವತ್ತು ಕಿಲೋಮೀಟರ್ ಆಸುಪಾಸು, ಅಫಜಲಪುರದಿಂದ ಇನ್ನೊಂದಿಷ್ಟು ಹೆಚ್ಚು. ಕ್ಷಯದ ಕಫ ಹೆಚ್ಚಿನ ಪರೀಕ್ಷೆಗೆ ತಂಪುಪೆಟ್ಟಿಗೆಯಲ್ಲಿ ದೂರದ ಲ್ಯಾಬಿಗೆ ಹೋಗುವ ಪದ್ಧತಿ ಈಗಾಗಲೇ ಇದೆ. ಮೂರು ಪದರದ ಪ್ಯಾಕಿಂಗ್, ಮೇಲೆ ಹೆಸರು ಮತ್ತು ಕ್ಷಯರೋಗಿಯ ನಿಕ್ಷಯ್ ನೋಂದಣಿ ನಂಬರು, ಒಯ್ಯುವವರಿಗೆ ಕೊಡುವ ಭತ್ಯೆ ಎಲ್ಲವೂ ಗೊತ್ತಿರುವುದೇ. ಅದೇ ಗಾಡಿಯಲ್ಲಿ ಎರಡು ಬಾಟಲಿ ಹೆಚ್ಚಿಗೆ ಹೋಗಲಿ ಎಂದಷ್ಟೇ ಕೇಳುತ್ತಿದ್ದೇನೆ. ತಂಪುಪೆಟ್ಟಿಗೆಯೊಳಗೆ ಮೂತ್ರದ ಬಾಟಲಿ ಇಡಬೇಕು, ತಂಪಿನಲ್ಲಿದ್ದರೆ ಅದು ಒಂದು ದಿನ ಕೆಡುವುದಿಲ್ಲ. ರಕ್ತದ ಕಲ್ಚರ್ ಬಾಟಲಿಯನ್ನು ಪೆಟ್ಟಿಗೆಯ ಹೊರಗೆ ಬೇರೆ ಇಡಬೇಕು, ಅದಕ್ಕೆ ತಂಪು ಆಗದು, ಕೋಣೆಯ ಉಷ್ಣತೆಯಲ್ಲೇ ಹೋಗಬೇಕು.

ಲ್ಯಾಬಿನಲ್ಲಿ ಮುಂದೆ ನಡೆಯುವುದು ಎಪ್ಪತ್ತು ವರ್ಷದ ಹಳೆಯ ವಿದ್ಯೆ. ತಂತಿಯ ಸಣ್ಣ ಕುಣಿಕೆಯಲ್ಲಿ ಒಂದು ಸಣ್ಣ ಹನಿ ಮೂತ್ರ ತೆಗೆದು ತಟ್ಟೆಯ ಮೇಲೆ ಗೀರಿ 37 ಡಿಗ್ರಿ ಬಿಸಿಯಲ್ಲಿ ರಾತ್ರಿಯಿಡೀ ಇಡುತ್ತಾರೆ. ಬೆಳಿಗ್ಗೆ ಎದ್ದಿರುವ ಬ್ಯಾಕ್ಟೀರಿಯಾವನ್ನು ಇನ್ನೊಂದು ತಟ್ಟೆಯ ಮೇಲೆ ಹರಡಿ, ಔಷಧ ಹಚ್ಚಿದ ಆರು ಮಿಲಿಮೀಟರಿನ ಕಾಗದದ ಬಿಲ್ಲೆಗಳನ್ನು ಸುತ್ತ ಇಡುತ್ತಾರೆ. ಮರುದಿನ ಪ್ರತಿ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಬಯಲನ್ನು ಅಳತೆಪಟ್ಟಿಯಿಂದ ಅಳೆಯುತ್ತಾರೆ. ಬಯಲು ದೊಡ್ಡದಿದ್ದರೆ ಔಷಧ ನಾಟುತ್ತದೆ, ಬಿಲ್ಲೆಯ ಅಂಚಿನವರೆಗೂ ಬೆಳೆದಿದ್ದರೆ ಇಲ್ಲ. ಮೂರನೆಯ ದಿನ ವರದಿ ವೈದ್ಯರ ಮೊಬೈಲಿಗೆ ಬರಬಹುದು. ರಕ್ತದ್ದಕ್ಕೆ ಇನ್ನೊಂದೆರಡು ದಿನ ಹಿಡಿಯಬಹುದು. ವರದಿ ಬರುವವರೆಗೆ ರೋಗಿಯನ್ನು ಹಾಗೇ ಬಿಡುವುದಲ್ಲ, ಮಾದರಿ ತೆಗೆದ ಮೇಲೆ ಊಹೆಯ ಔಷಧ ಶುರು ಮಾಡಿ, ವರದಿ ಬಂದಾಗ ಸರಿಪಡಿಸುವುದು. ಕ್ರಮ ಮಾತ್ರ ತಪ್ಪಬಾರದು, ಮೊದಲು ಬಾಟಲಿ, ಆಮೇಲೆ ಸೂಜಿ.

ವರ್ಷವಿಡೀ ಹೀಗೆ ಮಾಡಿದರೆ ಇನ್ನೊಂದು ಸಂಗತಿ ಕೈಗೆ ಬರುತ್ತದೆ. ಆಳಂದದ ಇ-ಕೋಲೈ ಯಾವುದಕ್ಕೆ ಬಗ್ಗುತ್ತದೆ, ಭೀಮಾ ದಂಡೆಯ ಅಫಜಲಪುರದ ಟೈಫಾಯ್ಡ್ ಯಾವುದಕ್ಕೆ, ಜೇವರ್ಗಿಯ ಹೆರಿಗೆ ವಾರ್ಡಿನ ಕ್ಲೆಬ್ಸಿಯೆಲ್ಲ ಯಾವುದಕ್ಕೆ ಎಂಬ ಪಟ್ಟಿ. ಇಂದು ನಮ್ಮ ತಾಲ್ಲೂಕಿನ ವೈದ್ಯರು ದೆಹಲಿ, ವೆಲ್ಲೂರು, ಚಂಡೀಗಢದ ದೊಡ್ಡ ಆಸ್ಪತ್ರೆಗಳ ಅಂಕಿಗಳನ್ನು ಓದಿ ಇಲ್ಲಿಯ ರೋಗಿಗೆ ಚೀಟಿ ಬರೆಯುತ್ತಾರೆ. ಎಲ್ಲ ಮದ್ದು ಮುಗಿದ ಮೇಲೆ ಬಂದು ಸೇರಿದ ರೋಗಿಗಳ ಅಂಕಿಗಳು ಅವು. ಹಳ್ಳಿಯ ಮೊದಲ ದಿನದ ಜ್ವರಕ್ಕೆ ಅವು ಹೊಂದುವುದಿಲ್ಲ, ಹೆದರಿಸಿ ಬೇಡದಷ್ಟು ಬಲದ ಔಷಧ ಬರೆಸುತ್ತವೆ. ನಮ್ಮದೇ ಒಂದು ಹಾಳೆಯ ಪಟ್ಟಿ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲಿದ್ದರೆ, ಪರೀಕ್ಷೆಯ ವರದಿ ಬರುವ ಮುಂಚಿನ ಊಹೆಯೂ ಹೆಚ್ಚು ಸಲ ಸರಿಯಾಗುತ್ತದೆ. ಈ ಉಪನ್ಯಾಸಕ್ಕೆ ದತ್ತಿಯನ್ನಿಟ್ಟ ಕುಟುಂಬದವರು ಮುಂದಿನ ವರ್ಷದಿಂದ ಉಪನ್ಯಾಸದ ಜೊತೆಗೆ ಇನ್ನೇನಾದರೂ ಮಾಡಬೇಕೆಂದಿದ್ದಾರೆಂದು ಕೇಳಿದೆ. ಒಂದು ತಾಲ್ಲೂಕು ಆಸ್ಪತ್ರೆಗೆ ಒಂದು ವರ್ಷಕ್ಕಾಗುವಷ್ಟು ಕಲ್ಚರ್ ಬಾಟಲಿಗಳನ್ನು ಕೊಡಿಸಿ ಎಂದು ಅವರಲ್ಲಿ ಕೇಳಿಕೊಳ್ಳುತ್ತೇನೆ. ಬಾಟಲಿಗಳು ಬಂದರೆ ಮೊದಲ ವರ್ಷದ ತಟ್ಟೆಗಳನ್ನು ಓದಿಕೊಡಲು, ಟೆಕ್ನಿಷಿಯನ್ನರಿಗೆ ಕಲಿಸಿಕೊಡಲು ನಾನು ಬರುತ್ತೇನೆ.